ಅಣ್ಣತಮ್ಮಂದಿರಾದ ಎರಡು ಪ್ರೊಸೆಸರುಗಳು

ಗಣಕಯಂತ್ರವನ್ನು ಕೊಳ್ಳಹೊರಟವನಿಗೆ ಮೊದಲು ಎದುರಾಗುವುದು ಹಣದ ತೊಡಕು. ಅದನ್ನು ಹೇಗೋ ದಾಟಿದ ಮೇಲೆ ಬರುವುದು ಹೆಸರುಗಳ ತೊಡಕು. ಅಂಗಡಿಯ ದರಪಟ್ಟಿಯಲ್ಲಿ ಒಂದೇ ಕಂಪೆನಿಯ, ಒಂದೇ ವರ್ಗದ, ಹೆಸರಿನ ಬಾಲದಲ್ಲಿ ಮಾತ್ರ ಒಂದೆರಡು ಅಕ್ಷರ ಬೇರೆಯಾದ ಪ್ರೊಸೆಸರುಗಳು ಸಾಲುಗಟ್ಟಿ ನಿಂತಿರುತ್ತವೆ. ಯಾವುದು ಉತ್ತಮವೆಂದು ಕೇಳಿದರೆ, ಬೆಲೆ ಹೆಚ್ಚಾದುದೇ ಉತ್ತಮವೆಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ಕಂಪೆನಿಯವರು ಎರಡಕ್ಕೂ ಒಂದೇ ಬೆಲೆ ಇಟ್ಟಿದ್ದರೆ? ಆಗ ಅಂಗಡಿಯವನೂ ತುಸು ತಡೆದು ಮಾತನಾಡಬೇಕಾಗುತ್ತದೆ. ಅಂಥ ಒಂದು ಜೋಡಿಯ ವಿಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಲಾವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏತಕ್ಕೆಂದು ವಿಜ್ಞಾನ ಓದುವ ಮಿತ್ರರು ನಗಬಹುದು. ನಗಲಿ. ಕೊಳ್ಳುವವನ ಆಯ್ಕೆಯ ವಿಚಾರವಾಗಿ ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಎಷ್ಟೋ ಪಾಠಗಳನ್ನು ಕೇಳಿದ್ದೇವೆ. ಆ ಆಯ್ಕೆ ಮೂವತ್ತು ಸಾವಿರ ರೂಪಾಯಿಯದಾಗಿ, ಆ ರೂಪಾಯಿಯೂ ಸಾಲ ತಂದದ್ದಾದಾಗ ಅದು ಬರಿಯ ಪಠ್ಯದ ಮಾತಾಗಿ ಉಳಿಯುವುದಿಲ್ಲ. ನಮ್ಮಂಥ ಮನೆಗಳಲ್ಲಿ ಗಣಕಯಂತ್ರವೆಂದರೆ ಒಮ್ಮೆ ಕೊಂಡು ಎಂಟು ಹತ್ತು ವರ್ಷ ದುಡಿಸಿಕೊಳ್ಳಬೇಕಾದ ವಸ್ತು. ಹೆಚ್ಚುಕಡಮೆ ಒಂದು ಜೊತೆ ಎತ್ತಿನ ಹಾಗೆ.

ಜೋಡಿಯ ಪರಿಚಯ ಇದು. ಅಮೆರಿಕದ ಎ.ಎಂ.ಡಿ. ಕಂಪೆನಿ 2020ರ ನವೆಂಬರಿನಲ್ಲಿ ರೈಜನ್ 7 5800ಎಕ್ಸ್ ಎಂಬ ಪ್ರೊಸೆಸರನ್ನು ಹೊರತಂದಿತು. 2022ರ ಏಪ್ರಿಲಿನಲ್ಲಿ ಅದರ ಬೆನ್ನಿಗೆ ಬಂದುದು ರೈಜನ್ 7 5800ಎಕ್ಸ್3ಡಿ. ಈ ಉದ್ದನೆಯ ಹೆಸರುಗಳನ್ನು ಪದೇ ಪದೇ ಬರೆಯುವುದಕ್ಕೆ ಬದಲಾಗಿ ಮೊದಲನೆಯದನ್ನು ಅಣ್ಣನೆಂದೂ ಎರಡನೆಯದನ್ನು ತಮ್ಮನೆಂದೂ ಕರೆಯೋಣ. ಬಿಡುಗಡೆಯಾದಾಗ ಇಬ್ಬರ ಬೆಲೆಯೂ 449 ಡಾಲರು. 2022ರ ವಿನಿಮಯ ದರದಲ್ಲಿ ತೆರಿಗೆ ಬಿಟ್ಟು ಸುಮಾರು 34,000 ರೂಪಾಯಿ. ಇಬ್ಬರಿಗೂ ಎಂಟೆಂಟು ಕೋರುಗಳು, ಹದಿನಾರು ಥ್ರೆಡ್ಡುಗಳು. ಇಬ್ಬರದೂ ಝೆನ್ 3 ಎಂಬ ಒಂದೇ ಒಳರಚನೆ. ಇಬ್ಬರ ಕೋರುಗಳಿರುವ ಸಿಲಿಕಾನ್ ತುಂಡೂ ತೈವಾನಿನ ಟಿ.ಎಸ್.ಎಂ.ಸಿ.ಯಲ್ಲಿ 7 ನ್ಯಾನೊಮೀಟರ್ ವಿಧಾನದಿಂದ ತಯಾರಾದುದು. ಕೂರುವುದು ಎ.ಎಂ.4 ಎಂಬ ಒಂದೇ ಸಾಕೆಟ್ಟಿನಲ್ಲಿ. ಪೆಟ್ಟಿಗೆಯ ಮೇಲಿನ ವಿದ್ಯುತ್ತಿನ ಅಂಕಿಯೂ ಒಂದೇ, 105 ವಾಟ್. ಮುಖ್ಯವಾದ ವ್ಯತ್ಯಾಸ ಎರಡು. ಅಣ್ಣನ ಗರಿಷ್ಠ ವೇಗ 4.7 ಗಿಗಾಹರ್ಟ್ಸ್, ತಮ್ಮನದು 4.5. ಅಣ್ಣನಲ್ಲಿರುವ ಮೂರನೆಯ ಹಂತದ ಕ್ಯಾಶ್ ಮೆಮೊರಿ 32 ಮೆಗಾಬೈಟ್, ತಮ್ಮನದು 96.

ಹೀಗಾಗಿ ವಿಡಿಯೋ ಸಂಸ್ಕರಣೆ, ಮೂರು ಆಯಾಮದ ಚಿತ್ರಗಳ ರಚನೆ ಮುಂತಾದ ಕೆಲಸಗಳಲ್ಲಿ ಅಣ್ಣ ಸಾಮಾನ್ಯವಾಗಿ ಶೇಕಡ ಐದರ ಆಸುಪಾಸು ಮುಂದಿರುತ್ತಾನೆ. ಇದು ನಿರೀಕ್ಷಿಸಿದ್ದೇ, ವೇಗ ಹೆಚ್ಚಲ್ಲವೆ? ಸೋಜಿಗವಿರುವುದು ಆಟಗಳಲ್ಲಿ. ಅಲ್ಲಿ ತಮ್ಮನು ಅಣ್ಣನನ್ನು ಹಿಂದೆ ಹಾಕುವುದಲ್ಲದೆ, ಅದೇ ಪೀಳಿಗೆಯ ಹನ್ನೆರಡು ಕೋರಿನ ಹೆಚ್ಚು ಬೆಲೆಯ 5900ಎಕ್ಸ್ ಅನ್ನೂ ಸರಾಸರಿ ಶೇಕಡ 15ರಷ್ಟು ಮೀರಿಸುತ್ತಾನೆಂದು ಕಂಪೆನಿಯವರೇ 2022ರ ಜನವರಿಯಲ್ಲಿ ಹೇಳಿದರು. ವೇಗ ಕಡಮೆಯಾದವನು ಓಟದಲ್ಲಿ ಗೆಲ್ಲುವುದು ಹೇಗೆ?

ಇದನ್ನು ತಿಳಿಯಲು ಒಂದು ಮದುವೆಮನೆಗೆ ಹೋಗೋಣ. ಎಂಟು ಮಂದಿ ಅಡಿಗೆಯವರು ದುಡಿಯುತ್ತಿದ್ದಾರೆ. ಇವರೇ ಎಂಟು ಕೋರುಗಳು. ಪ್ರತಿಯೊಬ್ಬನ ಕೈಗೆ ಎಟಕುವಂತೆ ಉಪ್ಪು ಹುಳಿ ಖಾರದ ಬಟ್ಟಲುಗಳಿವೆ; ಇದು ಮೊದಲನೆಯ ಹಂತದ ಕ್ಯಾಶ್. ಪಕ್ಕದಲ್ಲಿ ಅವನದೇ ಒಂದು ದೊಡ್ಡ ಬುಟ್ಟಿ, ಇದು ಎರಡನೆಯದು. ಹಿಂದಿನ ಕೋಣೆಯಲ್ಲಿ ಎಲ್ಲರಿಗೂ ಸೇರಿದ ಉಗ್ರಾಣ, ಇದು ಮೂರನೆಯದು. ಉಗ್ರಾಣದಲ್ಲೂ ಇಲ್ಲದ ಪದಾರ್ಥ ಬೇಕಾದರೆ ಪೇಟೆಗೆ ಆಳನ್ನು ಓಡಿಸಬೇಕು. ಆ ಪೇಟೆಯೇ ನಾವು ರ‍್ಯಾಮ್ ಎಂದು ಕರೆಯುವ ಮುಖ್ಯ ಮೆಮೊರಿ.

ದೂರದ ಲೆಕ್ಕವನ್ನೂ ನೋಡಬೇಕು. 4.7 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 470 ಕೋಟಿ ಮಿಡಿತ. ಬಟ್ಟಲಿಗೆ ಕೈಹಾಕಲು ನಾಲ್ಕು ಮಿಡಿತ ಸಾಕು. ಬುಟ್ಟಿಗೆ ಹನ್ನೆರಡು, ಉಗ್ರಾಣಕ್ಕೆ ಹೋಗಿಬರಲು ಐವತ್ತರ ಆಸುಪಾಸು. ಪೇಟೆಗೆ ಹೋದರೆ ಮಾತ್ರ ಅರವತ್ತು ಎಪ್ಪತ್ತು ನ್ಯಾನೊಸೆಕೆಂಡು ಬೇಕು, ಎಂದರೆ ಸುಮಾರು ಮುನ್ನೂರು ಮಿಡಿತ! ಅಷ್ಟು ಹೊತ್ತೂ ಅಡಿಗೆಯವನು ಸೌಟು ಹಿಡಿದು ಬಾಗಿಲು ನೋಡುತ್ತ ನಿಂತಿರಬೇಕು. ಅವನ ಕೈ ಎಷ್ಟು ಚುರುಕಾದರೇನು, ಕಾಯುವುದರಲ್ಲಿ ಚುರುಕುತನಕ್ಕೆ ಬೆಲೆಯಿಲ್ಲ. ತಮ್ಮನ ಉಗ್ರಾಣ ಮೂರು ಪಟ್ಟು ದೊಡ್ಡದು. ಅದರಲ್ಲಿ ಹುಡುಕಲು ಕೆಲವು ಮಿಡಿತ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಪೇಟೆಗೆ ಓಡುವ ಸಂದರ್ಭಗಳೇ ಎಷ್ಟೋ ಕಡಮೆಯಾಗುತ್ತವೆ.

ಹಾಗಾದರೆ ಎಲ್ಲ ಕೆಲಸದಲ್ಲೂ ತಮ್ಮನೇ ಗೆಲ್ಲಬೇಕಿತ್ತಲ್ಲ? ಇಲ್ಲಿಯೇ ವಿಷಯದ ತಿರುಳಿರುವುದು. ವಿಡಿಯೋವನ್ನು ಸಂಸ್ಕರಿಸುವುದು ಸಾವಿರ ಎಲೆಗೆ ಒಂದೇ ಸಾರನ್ನು ಮಾಡಿದ ಹಾಗೆ. ಮುಂದೆ ಏನು ಬೇಕೆಂಬುದು ಮೊದಲೇ ಗೊತ್ತು. ಒಂದಾದ ಮೇಲೊಂದು ಸರದಿಯಾಗಿ ಬರುವ ದತ್ತಾಂಶವನ್ನು ಪ್ರೊಸೆಸರು ಊಹಿಸಿ, ಕೇಳುವ ಮೊದಲೇ ಪೇಟೆಯಿಂದ ತರಿಸಿ ಇಟ್ಟುಕೊಂಡಿರುತ್ತದೆ. ಕೆಲಸವನ್ನು ಎಂಟು ಪಾಲು ಮಾಡಿ ಎಂಟು ಮಂದಿಗೂ ಹಂಚಬಹುದು. ಯಾರೂ ಕಾಯುವುದಿಲ್ಲ, ಆದ್ದರಿಂದ ಕೈಯ ಚುರುಕೇ ಲೆಕ್ಕಕ್ಕೆ ಬರುತ್ತದೆ.

ಆಟದ ಸ್ವಭಾವ ಬೇರೆ. ಸೆಕೆಂಡಿಗೆ ಅರವತ್ತು ಚಿತ್ರಗಳನ್ನು ತೋರಿಸಬೇಕಾದರೆ ಒಂದೊಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ಅಷ್ಟರಲ್ಲಿ ಆಟಗಾರನು ಯಾವ ಗುಂಡಿ ಒತ್ತಿದ, ಎದುರಾಳಿ ಎಲ್ಲಿದ್ದಾನೆ, ಗುಂಡು ಗೋಡೆಗೆ ತಗಲಿತೆ ಎಂಬುದನ್ನೆಲ್ಲ ಲೆಕ್ಕಹಾಕಬೇಕು. ಇದರ ದತ್ತಾಂಶ ಮೆಮೊರಿಯಲ್ಲಿ ದಿಕ್ಕಾಪಾಲಾಗಿ ಚೆದರಿರುತ್ತದೆ. ಒಂದು ಲೆಕ್ಕ ಮುಗಿಯದೆ ಮುಂದಿನದಕ್ಕೆ ಏನು ಬೇಕೆಂದು ತಿಳಿಯದು. ಒಬ್ಬೊಬ್ಬ ನೆಂಟನೂ ಬೇರೆ ಬೇರೆ ತಿಂಡಿ ಕೇಳಿದರೆ ಅಡಿಗೆಯವನ ಪಾಡು ಏನಾದೀತೋ ಅದೇ ಪಾಡು. ಆಗ ಕೈ ಹಿಡಿಯುವುದು ಉಗ್ರಾಣ. ಫ್ಯಾಕ್ಟೋರಿಯೋ, ಮೈಕ್ರೊಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಂಥ ಆಟಗಳಲ್ಲಿ ತಮ್ಮನ ಲಾಭ ಎದ್ದು ಕಾಣುವುದು ಈ ಕಾರಣದಿಂದಲೇ. ಚಿಕ್ಕ ಉಗ್ರಾಣವೇ ಸಾಕಾಗುವ ಹಳೆಯ ಕೌಂಟರ್-ಸ್ಟ್ರೈಕ್‌ನಂಥ ಆಟದಲ್ಲಿ ಲಾಭ ಇಲ್ಲವೆಂಬಷ್ಟು ಕಡಮೆ.

ಆದಕಾರಣ ಆಟಕ್ಕೆ ತಮ್ಮ, ಕೆಲಸಕ್ಕೆ ಅಣ್ಣ ಎಂಬ ಜನಪ್ರಿಯ ಸೂತ್ರ ಪೂರ್ತಿ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಇದೇ ಅಟ್ಟದ ಉಪಾಯವನ್ನು ಎ.ಎಂ.ಡಿ.ಯವರು 2022ರ ಮಾರ್ಚಿನಲ್ಲಿ ಸರ್ವರುಗಳಿಗೆಂದು ಹೊರತಂದ ಎಪಿಕ್ ಪ್ರೊಸೆಸರುಗಳಲ್ಲೂ ಬಳಸಿದರು. ಅವುಗಳಲ್ಲಿ ಮೂರನೆಯ ಹಂತದ ಕ್ಯಾಶ್ 768 ಮೆಗಾಬೈಟಿನವರೆಗೂ ಇತ್ತು. ಅವನ್ನು ಕೊಂಡವರು ಆಟವಾಡುವವರಲ್ಲ. ಗಾಳಿ ನೀರುಗಳ ಹರಿವನ್ನು ಲೆಕ್ಕಹಾಕುವ ಇಂಜಿನಿಯರುಗಳು. ಕೆಲಸವೋ ಆಟವೋ ಎಂದು ಕೇಳುವುದಕ್ಕಿಂತ ಯಂತ್ರ ಯಾವುದಕ್ಕಾಗಿ ಕಾಯುತ್ತಿದೆ ಎಂದು ಕೇಳುವುದು ಲೇಸು.

ಅಟ್ಟವೆಂದೆನಷ್ಟೆ, ಅದು ಅಲಂಕಾರದ ಮಾತಲ್ಲ. ಹೆಚ್ಚಿನ 64 ಮೆಗಾಬೈಟ್ ಕ್ಯಾಶನ್ನು ಬೇರೊಂದು ಸಿಲಿಕಾನ್ ತುಂಡಿನಲ್ಲಿ ಮಾಡಿ, ತೆಳ್ಳಗೆ ಉಜ್ಜಿ, ಮೂಲ ತುಂಡಿನ ಮೇಲೆಯೇ ಕೂರಿಸಿದ್ದಾರೆ. ಹೆಸರಿನ ಬಾಲದಲ್ಲಿರುವ 3ಡಿಯ ಅರ್ಥ ಇದೇ. ಕೆಳಗಿನ ತುಂಡು ಸುಮಾರು 81 ಚದರ ಮಿಲಿಮೀಟರ್, ಮೇಲಿನದು 41. ಎರಡರ ನಡುವೆ ಬೆಸುಗೆಯಿಲ್ಲ, ತಾಮ್ರಕ್ಕೆ ತಾಮ್ರವೇ ನೇರವಾಗಿ ಕೂಡಿಕೊಂಡಿದೆ. ಅಟ್ಟ ಕೋರುಗಳ ನೆತ್ತಿಯ ಮೇಲೆ ಬರದೆ ನಡುವಿನ ಹಳೆಯ ಕ್ಯಾಶಿನ ಮೇಲೆ ಬರುತ್ತದೆ. ಇಕ್ಕೆಲದಲ್ಲಿ ಎತ್ತರ ಸರಿಮಾಡಲು ಖಾಲಿ ಸಿಲಿಕಾನನ್ನು ಇಟ್ಟಿದ್ದಾರೆ. ಏನು ಮಾಡಿದರೂ ಕೋರುಗಳ ಶಾಖ ಇನ್ನೊಂದು ಪದರವನ್ನು ದಾಟಿ ಹೊರಬರಬೇಕಾಯಿತು. ಅದಕ್ಕೆಂದೇ ತಮ್ಮನ ವೋಲ್ಟೇಜಿಗೆ 1.35ರ ಕಟ್ಟು ಹಾಕಿ ವೇಗವನ್ನು ತಗ್ಗಿಸಿದರು. ಕೊಂಡವರು ತಾವಾಗಿ ವೇಗ ಏರಿಸಿಕೊಳ್ಳುವ ಅವಕಾಶವನ್ನೂ ತೆಗೆದುಬಿಟ್ಟರು. ಅಣ್ಣನಿಗೆ ಆ ನಿರ್ಬಂಧವಿಲ್ಲ.

ಇನ್ನು, ಪರೀಕ್ಷೆ ಮಾಡುವವರು ಪ್ರಕಟಿಸುವ ಪಟ್ಟಿಗಳ ವಿಚಾರ. ಆಟದ ಚಿತ್ರವನ್ನು ಬರೆಯುವುದು ಪ್ರೊಸೆಸರಲ್ಲ, ಗ್ರಾಫಿಕ್ಸ್ ಕಾರ್ಡು. ಇಬ್ಬರಲ್ಲಿ ನಿಧಾನವಾದವನೇ ಒಟ್ಟು ವೇಗವನ್ನು ನಿರ್ಧರಿಸುತ್ತಾನೆ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳೋಣ: ಒಂದು ಚಿತ್ರದ ಪಾಲಿನ ಕೆಲಸಕ್ಕೆ ಅಣ್ಣನಿಗೆ 8 ಮಿಲಿಸೆಕೆಂಡು, ತಮ್ಮನಿಗೆ 7, ಕಾರ್ಡಿಗೆ 5. ಆಗ ಸೆಕೆಂಡಿಗೆ ಅಣ್ಣನಿಂದ 125, ತಮ್ಮನಿಂದ ಸುಮಾರು 143 ಚಿತ್ರಗಳು. ಅದೇ ಆಟವನ್ನು 4ಕೆ ಪರದೆಯಲ್ಲಿ ಆಡಿದಾಗಲೋ, ಅಥವಾ ಕಾರ್ಡೇ ಸಾಧಾರಣವಾದಾಗಲೋ, ಕಾರ್ಡಿಗೆ 20 ಮಿಲಿಸೆಕೆಂಡು ಹಿಡಿಯಿತೆನ್ನಿ. ಆಗ ಯಾರನ್ನು ಕೂರಿಸಿದರೂ 50 ಚಿತ್ರಗಳೇ! ಪ್ರೊಸೆಸರುಗಳ ಪರೀಕ್ಷೆಯನ್ನು ಸಾಮಾನ್ಯವಾಗಿ ಅತ್ಯಂತ ಬಲಶಾಲಿಯಾದ ಕಾರ್ಡನ್ನಿಟ್ಟು, 1080ಪಿ ಪರದೆಯಲ್ಲಿ ನಡೆಸುತ್ತಾರೆ. ವ್ಯತ್ಯಾಸ ಕಾಣಿಸಬೇಕಾದರೆ ಹಾಗೆಯೇ ಮಾಡಬೇಕು, ಅದರಲ್ಲಿ ಮೋಸವೇನಿಲ್ಲ. ಆದರೆ ಪಟ್ಟಿಯಲ್ಲಿ ಉದ್ದವಾಗಿ ಕಾಣುವ ಗೆರೆ ನಮ್ಮ ಮನೆಯ ಮೇಜಿನ ಮೇಲೂ ಅಷ್ಟೇ ಉದ್ದವಾಗಿರಬೇಕೆಂದಿಲ್ಲ.

ನಮ್ಮ ಸೋದರತ್ತೆಯ ಮಗ ತಾಲ್ಲೂಕು ಕೇಂದ್ರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾರೆ. 2023ರಲ್ಲಿ ಸೊಸೈಟಿ ಸಾಲ ಮಂಜೂರಾದಾಗ, "ಏನಪ್ಪಾ, ಓದಿದವನು ನೀನು, ಯಾವುದು ತರಲಿ ಹೇಳು" ಎಂದರು. ನಾನಾಗ ಪಿ.ಯು.ಸಿ. ಅಂಗಡಿಯವನು ಆಟದ ಪಟ್ಟಿಯನ್ನೇ ತೋರಿಸಿ ತಮ್ಮನನ್ನು ಹೊಗಳಿದ್ದನಂತೆ. "ಭಾವ, ಯಾವ ಕೆಲಸ ಕೊಟ್ಟು ನೀವು ಸುಮ್ಮನೆ ಕೂತು ಕಾಯುತ್ತೀರಿ?" ಎಂದು ಕೇಳಿದೆ. ಮದುವೆಯ ವಿಡಿಯೋ ಪೂರ್ತಿ ಜೋಡಿಸಿಯಾದ ಮೇಲೆ ಅದನ್ನು ಒಂದೇ ಫೈಲಾಗಿ ಹೊರತೆಗೆಯುವಾಗ ಎಂದರು. ಅದು ಸರದಿಯ ಕೆಲಸ. ಅಷ್ಟು ಹೊತ್ತಿಗೆ ಪೇಟೆಯಲ್ಲಿ ಅಣ್ಣನ ಬೆಲೆಯೂ ಇಳಿದಿತ್ತು. ಅವರು ಅಣ್ಣನನ್ನೇ ತಂದು, ಉಳಿದ ಹಣಕ್ಕೆ ರ‍್ಯಾಮನ್ನು 16ರಿಂದ 32 ಗಿಗಾಬೈಟಿಗೆ ಏರಿಸಿಕೊಂಡರು. ಸಂಜೆ ಅವರ ಮಗ ಅದರಲ್ಲೇ ಆಟವಾಡುತ್ತಾನೆ. ಕಾರ್ಡು ಸಾಧಾರಣದ್ದು, ಅವನಿಗೆ ಯಾವ ಕೊರತೆಯೂ ಕಂಡಂತಿಲ್ಲ.

ಇಬ್ಬರಲ್ಲಿ ಯಾರನ್ನು ಕೊಂಡರೂ ತಪ್ಪದ ಖರ್ಚು ಎರಡುಂಟು. ಇವುಗಳ ಒಳಗೆ ಚಿತ್ರ ತೋರಿಸುವ ಭಾಗವೇ ಇಲ್ಲ. ಗ್ರಾಫಿಕ್ಸ್ ಕಾರ್ಡಿಲ್ಲದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಪೆಟ್ಟಿಗೆಯಲ್ಲಿ ತಂಪುಮಾಡುವ ಫ್ಯಾನನ್ನೂ ಕೊಡುವುದಿಲ್ಲ. ತಮ್ಮನ ಪರವಾಗಿ ಒಂದು ಮಾತು ಹೇಳಲೇಬೇಕು. 2017ರಲ್ಲಿ ಕೊಂಡ ಅನೇಕ ಎ.ಎಂ.4 ಬೋರ್ಡುಗಳಲ್ಲಿ ಬಯೋಸನ್ನು ಹೊಸದು ಮಾಡಿಕೊಂಡರೆ ಅವನು ಕೂರುತ್ತಾನೆ. ಹಳೆಯ ಯಂತ್ರದಲ್ಲಿ ಬೇರೆಲ್ಲವನ್ನೂ ಉಳಿಸಿಕೊಂಡು ಪ್ರೊಸೆಸರೊಂದನ್ನೇ ಬದಲಿಸುವ ಸೌಕರ್ಯ ಸಣ್ಣದಲ್ಲ.

ಈ ಜೋಡಿ ಈಗ ಹಿಂದಿನ ಪೀಳಿಗೆಗೆ ಸೇರಿತು. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಅಟ್ಟವನ್ನು ನೆಲಮಾಳಿಗೆ ಮಾಡಿದರು: ಕ್ಯಾಶ್ ಕೆಳಗೆ, ಕೋರುಗಳು ಮೇಲೆ. ಶಾಖಕ್ಕೆ ನೇರದಾರಿ ಸಿಕ್ಕಿ ವೇಗ 5.2 ಗಿಗಾಹರ್ಟ್ಸಿಗೆ ಏರಿತು, ಹಳೆಯ ನಿರ್ಬಂಧವೂ ಸಡಿಲವಾಯಿತು. ಆದರೆ ಬೆಲೆಯ ಸಮಾನತೆ ಹೋಯಿತು. ದೊಡ್ಡ ಕ್ಯಾಶಿಲ್ಲದ ಅದರ ಅಣ್ಣ 9700ಎಕ್ಸ್ ಅದೇ ವರ್ಷ 359 ಡಾಲರಿಗೆ ಬಂದರೆ, ಇದು ಬಂದದ್ದು 479ಕ್ಕೆ. ನಡುವಿನ 120 ಡಾಲರು ಉಗ್ರಾಣದ ಬಾಡಿಗೆ. ಸಾಧಾರಣ ಕಾರ್ಡಿಟ್ಟುಕೊಂಡು ಆಡುವವನು ಆ ಹಣವನ್ನು ಕಾರ್ಡಿಗೇ ಹಾಕುವುದು ಮೇಲು.