ಮಾಡ, ಸುಣ್ಣ, ಕೌದಿ: ನಮ್ಮ ಕಡೆ ಮನೆ ಚಂದ ಮಾಡೋದು ಹೆಂಗ?

ಈಗ ಯಾರು ಹೊಸ ಮನೆ ಕಟ್ಟಿದ್ರೂ ಮೊದಲು ಬರೋ ಪ್ರಶ್ನೆ ಒಂದೇ: "ಇಂಟೀರಿಯರ್ ಯಾರಿಗೆ ಕೊಟ್ರಿ?" ಹುಮನಾಬಾದ್ ಇರಲಿ, ಬಸವಕಲ್ಯಾಣ ಇರಲಿ, ಹೊಸ ಲೇಔಟ್‌ನಾಗ ಹತ್ತು ಮನೆ ಹೊಕ್ಕು ನೋಡಿದ್ರೆ ಎಂಟರಲ್ಲಿ ಅದೇ ಬಿಳಿ ಫಾಲ್ಸ್ ಸೀಲಿಂಗು, ಅದರ ಅಂಚಿಗೆ ಅದೇ ನೀಲಿ ಎಲ್ಇಡಿ ಪಟ್ಟಿ, ಟಿವಿ ಹಿಂದೆ ಅದೇ ಕಂದು ಬಣ್ಣದ ಪ್ಯಾನೆಲ್ಲು. ಇದನ್ನ ಕೆಟ್ಟದ್ದು ಅಂತ ಹೇಳೋಕೆ ನಾವು ಕೂತಿಲ್ಲ. ಆದರೆ ಮನೆ ನಮ್ಮದು, ರುಚಿ ಮಾತ್ರ ಕಂಟ್ರಾಕ್ಟರ್‌ದು ಅನ್ನೋ ಹಾಗೆ ಆಗಿಬಿಟ್ಟಿದೆಯಲ್ಲ, ಅದು ಯಾಕೋ ಸರಿ ಕಾಣಲ್ಲ. ಅದಕ್ಕೇ ಈ ಲೇಖನದಲ್ಲಿ ನಮ್ಮ ಕಡೆಯ ಹಳೇ ಮನೆಗಳ ಅಂದ ಯಾವ ಲೆಕ್ಕದ ಮೇಲೆ ನಿಂತಿತ್ತು, ಅದರಲ್ಲಿ ಯಾವುದು ಇವತ್ತಿನ ಸ್ಲ್ಯಾಬ್ ಮನೆಗೂ ಹೊಂದತ್ತೆ, ಯಾವುದು ಹೊಂದಲ್ಲ ಅಂತ ನೋಡೋಣ.

ಶುರು ಮಾಡೋಕೆ ಬಸವಕಲ್ಯಾಣಕ್ಕಿಂತ ಒಳ್ಳೆ ಜಾಗ ಇಲ್ಲ. ಯಾಕಂದ್ರೆ ಮನೆಯ ಸುಖಗಳ ಬಗ್ಗೆ ಭಾರತದಲ್ಲೇ ಅತಿ ವಿವರವಾಗಿ ಬರೆದ ಹಳೇ ಪುಸ್ತಕಗಳಲ್ಲೊಂದು ಈ ಊರಿನ ರಾಜ ಬರೆದದ್ದು. ಆಗ ಇದು ಕಲ್ಯಾಣ, ಚಾಲುಕ್ಯರ ರಾಜಧಾನಿ. 1126ರಿಂದ 1138ರವರೆಗೆ ಆಳಿದ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅನ್ನೋ ಗ್ರಂಥ ಬರೆದ. ಒಟ್ಟು 100 ಅಧ್ಯಾಯ, ಇಪ್ಪತ್ತಿಪ್ಪತ್ತರ ಐದು ಭಾಗ. ಮೂರನೇ ಭಾಗ ಪೂರ್ತಿ 'ಉಪಭೋಗ'ಗಳಿಗೆ ಮೀಸಲು. ಇಪ್ಪತ್ತು ಉಪಭೋಗಗಳಲ್ಲಿ ಮೊದಲನೆಯದೇ ಗೃಹ, ಅಂದ್ರೆ ಮನೆ. ಆಮೇಲೆ ಸ್ನಾನ, ತಾಂಬೂಲ, ಬಟ್ಟೆ, ಹೂಮಾಲೆ, ಆಸನ, ಊಟ, ಕುಡಿಯೋ ನೀರು, ಹಾಸಿಗೆ, ಧೂಪ ಎಲ್ಲ ಬರ್ತವೆ. ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳೋದಕ್ಕೂ ಒಂದು ಬೇರೆ ಅಧ್ಯಾಯ ಇದೆ. ಇಡ್ಲಿ, ದೋಸೆಯ ಹಳೇ ಹೆಸರುಗಳು ಸಿಗೋದೂ ಈ ಪುಸ್ತಕದಲ್ಲೇ, ಅದಕ್ಕೇ ಊಟದ ವಿಷಯಕ್ಕೆ ಇದು ಹೆಚ್ಚು ಫೇಮಸ್ಸು.

ನಮಗೆ ಬೇಕಾದ್ದು ಗೋಡೆಯ ಭಾಗ. ಗೋಡೆ ಮೇಲೆ ಚಿತ್ರ ಬರೆಯೋ ಮೊದಲು ಗೋಡೆಯನ್ನ ಹೇಗೆ ತಯಾರು ಮಾಡಬೇಕು ಅಂತ ಸೋಮೇಶ್ವರ ಹೇಳ್ತಾನೆ. ಎಮ್ಮೆ ಚರ್ಮವನ್ನ ನೀರಲ್ಲಿ ಬೆಣ್ಣೆ ಹಾಗೆ ಆಗೋವರೆಗೂ ಕುದಿಸಿ, ಒಣಗಿಸಿ ಇಟ್ಟುಕೊಳ್ಳಬೇಕು. ಅದು ವಜ್ರಲೇಪ. ಬೇಕಾದಾಗ ಅದನ್ನ ಬಿಸಿನೀರಲ್ಲಿ ಕರಗಿಸಿ, ಬಿಳಿ ಮಣ್ಣಿನ ಜೊತೆ ಕಲಸಿ ಗೋಡೆಗೆ ಮೂರು ಸಲ ಹಚ್ಚಬೇಕು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಪ್ರೈಮರ್ ಮತ್ತು ಪುಟ್ಟಿ. ಚಿತ್ರಗಳಲ್ಲಿ ಎಷ್ಟು ಥರ ಅಂತ ಪಟ್ಟಿ ಮಾಡುವಾಗ ಬಣ್ಣದ ಪುಡಿಯಿಂದ ಬಿಡಿಸೋ 'ಧೂಳಿಚಿತ್ರ'ವನ್ನೂ ಸೇರಿಸಿದಾನೆ. ಅಂದ್ರೆ ನಮ್ಮ ಬಾಗಿಲ ಮುಂದಿನ ರಂಗೋಲಿ. ಒಂಬೈನೂರು ವರ್ಷದ ಹಿಂದಿನ ಅರಮನೆಯ ಪಟ್ಟಿಯಲ್ಲಿದ್ದ ಇಪ್ಪತ್ತು ಸುಖಗಳಲ್ಲಿ ಬಹಳಷ್ಟು ಇವತ್ತು ಸಾದಾ ಮನೆಯಲ್ಲೂ ಇವೆ ಅನ್ನೋದು ನಮಗಂತೂ ಖುಷಿ ಕೊಟ್ಟ ವಿಷಯ. ಚಾಮರ ಒಂದಿಲ್ಲ, ಫ್ಯಾನ್ ಇದೆ.

ಆದರೆ ಇದೇ ಊರಲ್ಲಿ ಒಂದು ತಲೆಮಾರು ಕಳೆಯೋದರೊಳಗೆ ಪೂರ್ತಿ ಬೇರೆ ಮಾತು ಹುಟ್ಟಿತು. ಶರಣರ ಕಾಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಒಂದು ದಿನ ಅವನು ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಾದ ಅಕ್ಕಿಯನ್ನ ವಾಪಸ್ ಸುರಿದು ಬರೋಕೆ ಕಳಿಸಿದಳು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಇವತ್ತೂ ಬಸವಕಲ್ಯಾಣಕ್ಕೆ ಹೋದ್ರೆ ಅಕ್ಕನಾಗಮ್ಮನ ಗವಿ, ಹಗ್ಗ ಹೊಸೀತಿದ್ದ ನುಲಿಯ ಚಂದಯ್ಯನ ಗವಿ ತೋರಿಸ್ತಾರೆ. ಒಂದೇ ಊರಲ್ಲಿ ಎರಡು ಅಳತೆ: ಸೋಮೇಶ್ವರನ ಇಪ್ಪತ್ತು ಭೋಗ ಒಂದು ಕಡೆ, ಲಕ್ಕಮ್ಮನ "ಇವತ್ತಿಗೆ ಇಷ್ಟು ಸಾಕು" ಇನ್ನೊಂದು ಕಡೆ. ನಮ್ಮ ಅನಿಸಿಕೆ ಏನಂದ್ರೆ, ನಮ್ಮ ಕಡೆಯ ಹಳೇ ಮನೆಗಳು ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದ್ದವು. ಅಲ್ಲಿ ಚಂದ ಅನ್ನೋದನ್ನ ಬೇರೆಯಾಗಿ ತಂದು ಅಂಟಿಸ್ತಿರಲಿಲ್ಲ. ಮನೆಗೆ ಹೇಗೂ ಬೇಕಾಗಿದ್ದ ಕೆಲಸದ ಒಳಗೇ ಅದು ಇರ್ತಿತ್ತು.

ಉದಾಹರಣೆಗೆ ಮಾಡ. ಗೋಡೆಯೊಳಗೆ ಬಿಟ್ಟ ಗೂಡು. ಉರ್ದು ಮಾತಾಡೋ ಮನೆಗಳಲ್ಲಿ ಅದೇ ತಾಕ್. ದೀಪ ಇಡೋದು, ಕುಂಕುಮದ ಬಟ್ಟಲು, ಬೀಗದ ಕೈ, ಮಕ್ಕಳ ಕೈಗೆ ಸಿಗಬಾರದ ಔಷಧಿ, ಅಜ್ಜಿಯ ಎಲೆಅಡಿಕೆ ಚೀಲ, ಎಲ್ಲ ಅಲ್ಲೇ. ಮೇಲೆ ಕಮಾನು, ಸುತ್ತ ಹುರಮಂಜಿನ ಕೆಂಪು ಪಟ್ಟಿ ಎಳೆದುಬಿಟ್ರೆ ಇಡೀ ಗೋಡೆಗೆ ಅದೇ ಅಲಂಕಾರ. ಇದು ಸಾಧ್ಯ ಆಗ್ತಿದ್ದದ್ದು ಗೋಡೆ ದಪ್ಪ ಇದ್ದದ್ದಕ್ಕೆ. ಗೋಡೆ ದಪ್ಪ ಇದ್ದದ್ದು ಕೈಗೆ ಸಿಗೋ ಸಾಮಾನು ಅಂಥದ್ದು ಅನ್ನೋದಕ್ಕೆ. ಹುಮನಾಬಾದ್ ತಾಲೂಕಿನಲ್ಲಿ ಹೆಚ್ಚಾಗಿ ಕೆಂಪು ಲ್ಯಾಟರೈಟ್ ಮಣ್ಣು, ಬಸವಕಲ್ಯಾಣದಲ್ಲಿ ಕೆಂಪೂ ಇದೆ ಕಪ್ಪೂ ಇದೆ. ಲ್ಯಾಟರೈಟ್ ಕಲ್ಲಿನ ಗುಣ ಏನಂದ್ರೆ ನೆಲದಿಂದ ತೆಗೆದಾಗ ಮೆತ್ತಗಿರತ್ತೆ, ಕೊಡಲಿಯಿಂದಲೂ ಕತ್ತರಿಸಬಹುದು. ಗಾಳಿಗೆ ಬಿಟ್ಟ ಮೇಲೆ ಗಟ್ಟಿ ಆಗತ್ತೆ. ಆ ಹೆಸರೇ ಇಟ್ಟಿಗೆ ಅನ್ನೋ ಲ್ಯಾಟಿನ್ ಪದದಿಂದ ಬಂದದ್ದು. ಇಂಥ ಕಲ್ಲು, ಮಣ್ಣಿನಿಂದ ಕಟ್ಟಿದ ಗೋಡೆ ಭಾರ ಹೊರಬೇಕಂದ್ರೆ ಒಂದೂವರೆ ಅಡಿಯಾದ್ರೂ ದಪ್ಪ ಬೇಕು. ಅದರ ಮೇಲೆ ತೊಲಿ, ಜಂತಿ, ಮೇಲೆ ಮಣ್ಣಿನ ಮಾಳಿಗಿ, ನಡುವೆ ಒಂದು ಬೆಳಕಿಂಡಿ.

ಈ ದಪ್ಪ ಬೇಸಿಗೆಯಲ್ಲಿ ಏನು ಮಾಡತ್ತೆ ನೋಡೋಣ. ಮೆಕ್ಯಾನಿಕಲ್‌ನವರಿಗೆ ಇದು ಹೀಟ್ ಟ್ರಾನ್ಸ್‌ಫರ್‌ನ ಲೆಕ್ಕ, ಉಳಿದವರು ಹೆದರಬೇಡ್ರಿ. ಬಿಸಿಲು ಗೋಡೆಯ ಹೊರಮೈಯನ್ನ ಕಾಯಿಸತ್ತೆ. ಆ ಬಿಸಿ ಒಂದು ಅಲೆಯ ಹಾಗೆ ನಿಧಾನ ಒಳಗೆ ನಡೀತದೆ. ಒಂದೂವರೆ ಅಡಿ ಮಣ್ಣಿನ ಗೋಡೆ ದಾಟೋಕೆ ಅದಕ್ಕೆ ಹನ್ನೆರಡು ಗಂಟೆಗೂ ಜಾಸ್ತಿ ಬೇಕು. ದಾಟುವಾಗ ಅದರ ಜೋರೂ ಇಳಿದುಹೋಗಿರತ್ತೆ. ಅಂದ್ರೆ ಮಧ್ಯಾಹ್ನದ 40 ಡಿಗ್ರಿ ಒಳಗೆ ಬರೋ ಹೊತ್ತಿಗೆ ರಾತ್ರಿ ಆಗಿ, ಹೊರಗೆ ತಂಪಾಗಿ, ನಾವು ಅಂಗಳದಾಗೋ ಮಾಳಿಗಿ ಮ್ಯಾಲೋ ಮಲಗಿರ್ತೀವಿ. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ದಾಟೋಕೆ ಅದೇ ಬಿಸಿಗೆ ಬರೀ ಮೂರು ಗಂಟೆ ಸಾಕು. ಮಧ್ಯಾಹ್ನ ಎರಡಕ್ಕೆ ಮೇಲೆ ಬಿದ್ದ ಬಿಸಿಲು ಸಂಜೆ ಐದಕ್ಕೆ, ನಾವು ಕಾಲೇಜಿಂದ ಬಂದು ಚಹಾ ಹಿಡಿದು ಕೂತ ಹೊತ್ತಿಗೆ ಸರಿಯಾಗಿ ತಲೆ ಮೇಲೆ ಇಳೀತದೆ.

ಈಗ ಫಾಲ್ಸ್ ಸೀಲಿಂಗ್ ವಿಷಯ. ನ್ಯಾಯವಾಗಿ ಹೇಳಬೇಕಂದ್ರೆ ಅದು ಬರೀ ಶೋಕಿ ಅಲ್ಲ. ಸ್ಲ್ಯಾಬ್‌ಗೂ ಜಿಪ್ಸಂ ಹಲಗೆಗೂ ನಡುವೆ ಗಾಳಿ ನಿಲ್ಲೋದರಿಂದ ಬಿಸಿ ಸ್ವಲ್ಪ ತಡೀತದೆ. ಆದರೆ ಬಿಸಿ ಸ್ಲ್ಯಾಬ್‌ನೊಳಗೆ ಬಂದುಬಿಟ್ಟ ಮೇಲೆ ತಡೆಯೋದು ಅದು. ಬರೋ ಮೊದಲೇ ವಾಪಸ್ ಕಳಿಸೋ ಉಪಾಯ ನಮ್ಮ ಹತ್ತಿರ ಮೊದಲಿನಿಂದ ಇತ್ತು: ಸುಣ್ಣ. ಹೊಸದಾಗಿ ಬಳಿದ ಸುಣ್ಣ ಬಿಸಿಲಿನ ಹೆಚ್ಚಿನ ಪಾಲನ್ನ ವಾಪಸ್ ಎಸೀತದೆ, ಹಳೇ ಬೂದು ಸ್ಲ್ಯಾಬ್ ಹೆಚ್ಚಿನ ಪಾಲನ್ನ ನುಂಗತ್ತೆ. ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗೆ ಅಂತಲೇ ಒಂದು ನೀತಿ ತಂದಿದೆ, ಅದರ ಹಿಂದಿನ ತತ್ವ ಇದೇ. ಬಜೆಟ್ ಕಮ್ಮಿ ಇದ್ರೆ ಮೊದಲ ದುಡ್ಡು ಛಾವಣಿಯ ಮೇಲ್ಗಡೆಗೆ, ಆಮೇಲೆ ಉಳಿದ್ರೆ ಕೆಳಗಡೆಗೆ.

ಸುಣ್ಣದ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಅದನ್ನ ಬಡವರ ಪೇಂಟ್ ಅಂತ ನೋಡ್ತಾರೆ. ಸುಣ್ಣದ ಕಲ್ಲನ್ನ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಹೋಗತ್ತೆ. ನೀರಿಗೆ ಹಾಕಿದಾಗ ಕೊತಕೊತ ಕುದೀತದೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡನ್ನೇ ಮತ್ತೆ ಎಳೆದುಕೊಂಡು ತಿರುಗಿ ಸುಣ್ಣದ ಕಲ್ಲಾಗತ್ತೆ. ಅಂದ್ರೆ ನಾವು ಗೋಡೆಗೆ ಹಚ್ಚೋದು ಬಣ್ಣ ಅಲ್ಲ, ತೆಳ್ಳನೆಯ ಕಲ್ಲಿನ ಪದರ. ಅದರೊಳಗೆ ನೀರಿನ ಆವಿ ಆಡತ್ತೆ, ಕ್ಷಾರ ಇರೋದರಿಂದ ಬೂಷ್ಟು ಬೇಗ ಹಿಡಿಯಲ್ಲ. ಬಕೆಟ್ಟಿಗೆ ಒಂದು ಚಿಟಿಕೆ ನೀಲಿ ಹಾಕ್ತಾರಲ್ಲ, ಅದರದ್ದೂ ಒಂದು ಕಾರಣ ಇದೆ. ಸುಣ್ಣದಲ್ಲಿ ಸ್ವಲ್ಪ ಹಳದಿ ಛಾಯೆ ಇರತ್ತೆ, ನೀಲಿ ಆ ಹಳದಿಯನ್ನ ಕೊಲ್ಲತ್ತೆ, ಕಣ್ಣಿಗೆ ಇನ್ನೂ ಬೆಳ್ಳಗೆ ಕಾಣತ್ತೆ. ಬಿಳಿ ಬಟ್ಟೆಗೆ ಹಾಕೋದೂ ಇದೇ ಲೆಕ್ಕ. ಚಿಟಿಕೆ ಹೋಗಿ ಮುಷ್ಟಿ ಆದ್ರೆ ಮಾತ್ರ ಮನೆ ಆಕಾಶ ಆಗತ್ತೆ, ಕೆಲವರಿಗೆ ಅದೂ ಇಷ್ಟ, ನಮ್ಮ ಓಣಿಗಳಲ್ಲಿ ಅಂಥ ನೀಲಿ ಮನೆಗಳು ಬೇಕಾದಷ್ಟಿವೆ.

ಒಂದು ಎಚ್ಚರಿಕೆ. ಅಕ್ರಿಲಿಕ್ ಪುಟ್ಟಿ, ಎಮಲ್ಶನ್ ಹಚ್ಚಿದ ಗೋಡೆ ಮೇಲೆ ಸುಣ್ಣ ನಿಲ್ಲಲ್ಲ, ಹಪ್ಪಳದ ಹಾಗೆ ಏಳತ್ತೆ. ಬರೀ ಪ್ಲಾಸ್ಟರ್ ಇರೋ ಗೋಡೆಗೆ, ನೀರು ಚಿಮುಕಿಸಿ, ತೆಳ್ಳಗೆ ಎರಡು ಮೂರು ಸಲ ಹಚ್ಚಬೇಕು. ಹಚ್ಚುವಾಗ ಕಣ್ಣು ಜೋಪಾನ. ಇನ್ನೊಂದು: ಬಸವಕಲ್ಯಾಣದ ಕಪ್ಪು ಮಣ್ಣಿನ ಮೇಲೆ ಕಟ್ಟಿದ ಮನೆಯ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟರೆ ಪೇಂಟರ್‌ನ ಬೈಯೋದು ತಪ್ಪು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಅಡಿಪಾಯವನ್ನ ಅಲ್ಲಾಡಿಸತ್ತೆ. ಎಷ್ಟು ದುಬಾರಿ ಬಣ್ಣ ಹಚ್ಚಿದ್ರೂ ಆ ಗೆರೆ ವರ್ಷ ವರ್ಷ ವಾಪಸ್ ಬರತ್ತೆ.

ಮಾಡದ ವಿಷಯಕ್ಕೆ ಮತ್ತೆ ಬರೋಣ. ಹೊಸ ಮನೆಗಳಲ್ಲಿ ಹೊರಗೋಡೆ ಒಂಬತ್ತು ಇಂಚು, ಒಳಗೋಡೆ ನಾಲ್ಕೂವರೆ. ಇದನ್ನ ಕೊರೆದು ಮಾಡ ಮಾಡೋಕೆ ಹೋಗಬೇಡ್ರಿ, ನಾಲ್ಕೂವರೆ ಇಂಚಲ್ಲಿ ಗೂಡು ತೆಗೆದ್ರೆ ಪಕ್ಕದ ರೂಮೇ ಕಾಣತ್ತೆ. ಕಟ್ಟೋ ಮೊದಲೇ ಹೇಳಿದ್ರೆ ಒಂಬತ್ತು ಇಂಚಿನ ಗೋಡೆಯಲ್ಲಿ ಅರ್ಧ ಇಟ್ಟಿಗೆಯಷ್ಟು ಆಳದ ಗೂಡು ಬಿಡಬಹುದು, ಒಂದು ದೀಪಕ್ಕೆ, ಎರಡು ಪುಸ್ತಕಕ್ಕೆ ಸಾಕು. ಮೇಸ್ತ್ರಿಗೆ ಇದು ಅರ್ಧ ದಿನದ ಕೆಲಸವೂ ಅಲ್ಲ. ಗಾಜಿನ ಬಾಗಿಲಿನ ಶೋಕೇಸ್ ಇದಕ್ಕೆ ಬದಲಿ ಅಂತ ನಮಗೆ ಅನಿಸಲ್ಲ. ಮಾಡದಲ್ಲಿ ಇಟ್ಟದ್ದು ದಿನಾ ಕೈಗೆ ಬರತ್ತೆ, ಶೋಕೇಸ್‌ನಲ್ಲಿ ಇಟ್ಟದ್ದಕ್ಕೆ ಬೀಗ ಬೀಳತ್ತೆ.

ಬಿದರಿ ಸಾಮಾನಿನ ಗತಿ ಇದೇ ಆಗಿದೆ. ಸತು ಹೆಚ್ಚು, ತಾಮ್ರ ಕಮ್ಮಿ ಇರೋ ಲೋಹಕ್ಕೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ಅದ್ದಿದಾಗ ಲೋಹ ಮಾತ್ರ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯತ್ತೆ. 2006ರಲ್ಲಿ ಇದಕ್ಕೆ ಜಿಐ ಮಾನ್ಯತೆ ಸಿಕ್ಕಿತು. ಹಿಂದೆ ಅದು ಹುಕ್ಕಾ, ಹೂಜಿ, ಪಾನ್‌ದಾನ್, ಅಂದ್ರೆ ಬಳಸೋ ಸಾಮಾನು. ಈಗ ಸನ್ಮಾನದಲ್ಲಿ ಬಂದು ಶೋಕೇಸ್‌ನಲ್ಲಿ ಕೂರತ್ತೆ. ಮನೆಯಲ್ಲಿ ಒಂದಿದ್ರೆ ಹೊರಗೆ ತೆಗೆದು ಪೆನ್ನಾದ್ರೂ ಇಡ್ರಿ. ಹುಣಸೆಹಣ್ಣು ಹಚ್ಚಿ ತಿಕ್ಕಬಾರದು, ಹುಳಿಗೆ ಕಪ್ಪು ಬಿಟ್ಟುಹೋಗತ್ತೆ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಒಣ ಬಟ್ಟೆಯಲ್ಲಿ ಒರೆಸಿದ್ರೆ ಸಾಕು.

ನಮ್ಮ ಕಡೆ ಮನೆಯಲ್ಲಿ ನಿಜವಾದ ಕಲೆ ಯಾವುದು ಅಂತ ಕೇಳಿದ್ರೆ ನಾವು ಕೌದಿ ಅಂತೀವಿ. ಹಳೇ ಸೀರೆ, ಧೋತರ, ಕುಪ್ಪಸದ ತುಂಡು ಪದರ ಪದರ ಹಾಸಿ, ಅಂಚಿನಿಂದ ನಡುವಿಗೆ ಸಾಲು ಸಾಲು ಹೊಲಿಗೆ ಹಾಕ್ತಾರೆ. ಚಳಿಗಾಲದಲ್ಲಿ ಅದು ಬೆಚ್ಚಗಿರೋದು ಬಟ್ಟೆಯಿಂದ ಅಷ್ಟೇ ಅಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಹೊಲಿಗೆ ಆ ಗಾಳಿಯನ್ನ ಸಣ್ಣ ಸಣ್ಣ ಖಾನೆಗಳಲ್ಲಿ ಹಿಡಿದಿಡತ್ತೆ. ಯಾವ ತುಂಡಿನ ಪಕ್ಕ ಯಾವ ತುಂಡು ಅನ್ನೋದು ಪೂರ್ತಿ ಹೊಲಿಯೋರ ಇಷ್ಟ, ಅಲ್ಲಿ ಯಾರೂ ಕ್ಯಾಟಲಾಗ್ ನೋಡಲ್ಲ. ಹಸಿರು ಇಳಕಲ್ ಸೀರೆಯ ಸೆರಗಿನ ಪಕ್ಕ ಶಾಲೆಯ ಯೂನಿಫಾರ್ಮಿನ ನೀಲಿ ಬಂದು ಕೂತಿರತ್ತೆ, ಮನೆಯವರು ಮಾತ್ರ ಬೆರಳಿಟ್ಟು "ಇದು ಯಾರದು" ಅಂತ ಹೇಳಬಲ್ಲರು. ಇಂಥ ಕೌದಿಯನ್ನ ಹೊಸ ಮನೆಗೆ ಹೋಗುವಾಗ ಅಟ್ಟಕ್ಕೆ ಹಾಕಿ ಅಂಗಡಿಯ ಪಾಲಿಯೆಸ್ಟರ್ ಬ್ಲಾಂಕೆಟ್ ತರೋದು ನೋಡಿದ್ರೆ ಸಂಕಟ ಆಗತ್ತೆ. ದಿವಾನ್ ಮೇಲೆ ಹಾಸಬಹುದು, ಗೋಡೆಗೂ ತೂಗುಹಾಕಬಹುದು. ತೂಗುಹಾಕಿದ್ರೆ ಖಾಲಿ ಹಾಲ್‌ನಲ್ಲಿ ಮಾತು ಗುಂಯ್ ಅನ್ನೋದೂ ಕಮ್ಮಿ ಆಗತ್ತೆ, ದಪ್ಪ ಬಟ್ಟೆ ಸದ್ದು ನುಂಗತ್ತೆ. ಆದರೆ ಹೊದ್ದುಕೊಳ್ಳೋದೇ ಅದಕ್ಕೆ ಮರ್ಯಾದೆ ಅನ್ನೋದು ನಮ್ಮ ಅಭಿಪ್ರಾಯ.

ಗೋಡೆ ಮೇಲಿನ ಫೋಟೋಗಳ ಬಗ್ಗೆ ಒಂದು ಸಣ್ಣ ಮಾತು. ಬಸವಣ್ಣನವರು, ಹುಮನಾಬಾದ್ ಕಡೆ ಮಾಣಿಕ ಪ್ರಭುಗಳು, ತೀರಿಹೋದ ಹಿರಿಯರು, ಎಲ್ಲ ಜಂತಿ ಕೆಳಗೆ ಸಾಲಾಗಿ, ಮುಂದಕ್ಕೆ ಬಾಗಿ ನಿಂತಿರ್ತಾರೆ. ಬಾಗಿಸಿ ಕಟ್ಟೋದು ಭಕ್ತಿಗೆ ಮಾತ್ರ ಅಲ್ಲ. ಎತ್ತರದಲ್ಲಿ ನೇರ ಇಟ್ಟರೆ ಗಾಜಿನ ಮೇಲೆ ಬಾಗಿಲಿನ ಬೆಳಕು ಹೊಳೆದು ಮುಖ ಕಾಣಲ್ಲ, ಕೆಳಗೆ ಕೂತವರಿಗೆ ಓರೆಯಾಗೂ ಕಾಣತ್ತೆ. ಬಾಗಿಸಿದ್ರೆ ಮುಖ ನಮ್ಮ ಕಡೆ ತಿರುಗತ್ತೆ. ಹಿಂದೆ ಆಗೋ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟೋದು ಬೋನಸ್. ಹೊಸ ಮನೆಗಳಲ್ಲಿ ಫ್ರೇಮು ಗೋಡೆಗೆ ಅಂಟಿಕೊಂಡಿರತ್ತೆ, ಅದಕ್ಕೇ ಗುಬ್ಬಿಗೆ ಬೇರೆ ರಟ್ಟಿನ ಡಬ್ಬಿ ಕಟ್ಟಬೇಕಾಗಿದೆ.

ಕೊನೆಗೆ ಸೋಮೇಶ್ವರನ ಧೂಳಿಚಿತ್ರ. ಸಗಣಿ ಸಾರಿಸಿದ ಅಂಗಳ ಒರಟು, ಸ್ವಲ್ಪ ಹಸಿ, ಬಣ್ಣವೂ ಗಾಢ. ಅದಕ್ಕೇ ಬೆರಳಿಂದ ಬಿಟ್ಟ ಪುಡಿ ಬಿದ್ದಲ್ಲೇ ಹಿಡೀತದೆ, ಬಿಳಿ ಗೆರೆ ಎದ್ದು ಕಾಣತ್ತೆ. ನುಣುಪು ಟೈಲ್ಸ್ ಮೇಲೆ ಅದೇ ಪುಡಿ ಒಂದು ಬೈಕ್ ಹೋದ್ರೆ ಹಾರಿಹೋಗತ್ತೆ, ಅದಕ್ಕೇ ಜನ ಸ್ಟಿಕರ್ ಅಂಟಿಸ್ತಾರೆ. ಬಾಗಿಲ ಮುಂದೆ ಎರಡಡಿ ಅಗಲ ಎರಡಡಿ ಉದ್ದದ ಒಂದು ಜಾಗಕ್ಕೆ ಟೈಲ್ಸ್ ಹಾಕದೆ, ಪಾಲಿಶ್ ಮಾಡದ ಒರಟು ಶಹಾಬಾದ್ ಕಲ್ಲು ಕೂರಿಸಿದ್ರೆ ಸಾಕು. ನಮ್ಮ ಕಲಬುರಗಿ ಜಿಲ್ಲೆಯದೇ ಕಲ್ಲು ಅದು, ಮುಂಜಾನೆ ಒಂದು ತಂಬಿಗೆ ನೀರು ಚೆಲ್ಲಿದ್ರೆ ಕಡು ಬೂದು ಬಣ್ಣಕ್ಕೆ ತಿರುಗತ್ತೆ, ಅರ್ಧ ಒಣಗಿದಾಗ ರಂಗೋಲಿ ಬಿಡಬೇಕು.