ಹುಂಜ ಮೈಮೇಲೆ ಬಂದರೆ

ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲು ಸುತ್ತಮುತ್ತ ಮನೆಗಳು ದೂರದೂರ. ಅಂಗಳ ದಾಟಿದರೆ ಬ್ಯಾಣ, ಅದರಾಚೆ ಕಾಡು. ಇಂಥ ಕಡೆ ಊರುಕೋಳಿಗಳು ಹಗಲೆಲ್ಲ ಹಿತ್ತಿಲಲ್ಲೇ ಕೆದಕಿಕೊಂಡಿರುತ್ತವೆ. ಗಿಡುಗ, ಮುಂಗುಸಿಗಳ ಮೇಲೆ ಕಣ್ಣಿಡುವ ಕೆಲಸ ಹುಂಜದ್ದು. ಆಕಾಶದಿಂದ ಬರುವ ಅಪಾಯಕ್ಕೆ ಒಂದು ಕೂಗು, ನೆಲದ ಮೇಲೆ ಬರುವುದಕ್ಕೆ ಇನ್ನೊಂದು. ಹೇಂಟೆಗಳು ಆ ವ್ಯತ್ಯಾಸ ತಿಳಿದೇ ಅಡಗುತ್ತವೆ. ಇದೇ ಕಾವಲುಗಾರ ಕೆಲವೊಮ್ಮೆ ಮನೆಯವರ ಮೇಲೇ ತಿರುಗಿಬೀಳುತ್ತದೆ.

ಮರಿಯಾಗಿದ್ದಾಗ ಕೈಯಿಂದ ಅಕ್ಕಿ ತಿಂದ ಹುಂಜ ಐದಾರು ತಿಂಗಳಿಗೆ ಹೀಗೇಕಾಯಿತು? ಜರ್ಮನಿಯ ಗಾಟಿಂಗನ್‌ನಲ್ಲಿ ಆರ್ನಾಲ್ಡ್ ಬರ್ಟೋಲ್ಡ್ 1849ರಲ್ಲಿ ಇದಕ್ಕೆ ದಾರಿ ತೋರಿಸಿದರು. ಎಳೆಯ ಹುಂಜಗಳ ವೃಷಣ ತೆಗೆದಾಗ ಜುಟ್ಟು ಬೆಳೆಯಲಿಲ್ಲ, ಜಗಳದ ಹುಮ್ಮಸ್ಸೂ ಇರಲಿಲ್ಲ. ವೃಷಣವನ್ನು ಹೊಟ್ಟೆಯೊಳಗೆ ಬೇರೆಡೆ ನಾಟಿ ಮಾಡಿದವುಗಳಲ್ಲಿ ಜುಟ್ಟು, ಕೂಗು, ಕಾದಾಟ ಎಲ್ಲವೂ ಬಂದವು. ಹಳೆಯ ನರಗಳ ಸಂಪರ್ಕವಿಲ್ಲದೆಯೂ ರಕ್ತದ ಮೂಲಕ ಏನೋ ಕೆಲಸ ಮಾಡುತ್ತಿದೆ ಎಂದು ಅವರು ತೀರ್ಮಾನಿಸಿದರು. ಅದನ್ನು ಈಗ ಟೆಸ್ಟೋಸ್ಟಿರಾನ್ ಎನ್ನುತ್ತೇವೆ. ಪ್ರಾಯಕ್ಕೆ ಬಂದ ಹುಂಜದ ಮೈಯಲ್ಲಿ ಅದು ಏರುತ್ತದೆ. ಆಗ ಕಾಳಿನ ಬುಟ್ಟಿ ಹಿಡಿದು ಗುಂಪಿನ ನಡುವೆ ಬರುವ ಮನುಷ್ಯ ಹುಂಜಕ್ಕೆ ಎದುರಾಳಿಯಾಗಿ ಕಾಣಬಹುದು. ಹೇಂಟೆಯನ್ನು ಹಿಡಿದಾಗ ಅದು ಚೀರಿದರಂತೂ ಕೇಳುವುದೇ ಬೇಡ.

ಹಾರುವ ಮುನ್ನ ಹುಂಜ ಸೂಚನೆ ಕೊಡುತ್ತದೆ. ಒಂದು ರೆಕ್ಕೆ ನೆಲಕ್ಕೆ ಇಳಿಬಿಟ್ಟು ಓರೆಯಾಗಿ ಸುತ್ತುತ್ತದೆ, ಕುತ್ತಿಗೆಯ ಗರಿ ಕೆದರುತ್ತದೆ, ಕಣ್ಣು ನಮ್ಮ ಮೇಲೇ ಇರುತ್ತದೆ. ಆಗ ಓಡಿದರೆ ತಾನು ಗೆದ್ದೆನೆಂದು ಅದು ಕಲಿಯುತ್ತದೆ. ದೊಣ್ಣೆ ಎತ್ತಿದರೆ, ಒದ್ದರೆ ಕಾಳಗ ಮುಂದುವರಿಯುತ್ತದೆ. ಬೆನ್ನು ತಿರುಗಿಸದೆ, ಬುಟ್ಟಿಯನ್ನು ಅಡ್ಡ ಹಿಡಿದು ನಿಧಾನವಾಗಿ ನಡೆಯಿರಿ. ಸಂಜೆ ಗೂಡಿಗೆ ಸೇರಿದ ಮೇಲೆ ಮಬ್ಬುಗತ್ತಲಲ್ಲಿ ರೆಕ್ಕೆ ಒತ್ತಿ ಎತ್ತಿಕೊಂಡು, ಶಾಂತವಾಗುವವರೆಗೆ ಹಿಡಿದಿರಿ. ದಿನವೂ ಹೀಗೆ ಮಾಡಿದರೆ ಹಲವು ಹುಂಜಗಳು ತಣ್ಣಗಾಗುತ್ತವೆ. ಒಂದು ಹುಂಜಕ್ಕೆ ಎಂಟು–ಹತ್ತು ಹೇಂಟೆ ಇದ್ದರೆ ಸಾಕು. ಹೇಂಟೆ ಕಡಿಮೆಯಿದ್ದು ಹುಂಜ ಹೆಚ್ಚಾದರೆ ಜಗಳವೂ ಹೆಚ್ಚು.

ಕಾಲುಮುಳ್ಳನ್ನು ಹಗುರವಾಗಿ ಕಾಣಬೇಡಿ. ಹೊರಗೆ ಕೊಂಬಿನಂಥ ಚಿಪ್ಪು, ಒಳಗೆ ಜೀವಂತ ಎಲುಬು. ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಬಹುದು, ಬುಡಕ್ಕೆ ಕತ್ತರಿಸಿದರೆ ರಕ್ತ ಸುರಿಯುತ್ತದೆ. ದೊಡ್ಡವರಿಗೆ ಮೀನಖಂಡಕ್ಕೆ ತಾಗುವ ಏಟು ಮಕ್ಕಳ ಮುಖಕ್ಕೆ, ಕಣ್ಣಿಗೆ ತಾಗುತ್ತದೆ. ಗಾಯವಾದರೆ ಸೋಪುನೀರಿನಿಂದ ಚೆನ್ನಾಗಿ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಇಷ್ಟಾದರೂ ಮೈಮೇಲೆ ಬರುವ ಹುಂಜವನ್ನು ಮಕ್ಕಳಿರುವ ಅಂಗಳದಲ್ಲಿ ಬಿಡಬಾರದು. ಬೇರೆ ಗೂಡಿನಲ್ಲಿಡಿ, ಇಲ್ಲವೇ ಗುಂಪಿನಿಂದ ತೆಗೆಯಿರಿ. ಅದು ಕೂಡಿದ ಹೇಂಟೆಗಳ ಮೊಟ್ಟೆಯನ್ನು ಕಾವಿಗೂ ಇಡಬೇಡಿ. ಕೋಪದ ಸ್ವಭಾವ ಒಂದಿಷ್ಟು ತಂದೆಯಿಂದ ಮರಿಗೂ ಬರುತ್ತದೆ. ತಳಿಗೆ ಹುಂಜ ಆರಿಸುವಾಗ ಬಣ್ಣ, ತೂಕ ನೋಡುವಷ್ಟೇ ಗಮನಕೊಟ್ಟು ಗುಣವನ್ನೂ ನೋಡಿ. ಹೇಂಟೆಗಳನ್ನು ಕಾಯುವ, ಮನುಷ್ಯರಿಗೆ ದಾರಿ ಬಿಡುವ ಹುಂಜವೇ ಹಿತ್ತಿಲಿಗೆ ಒಳ್ಳೆಯ ಹುಂಜ.