ರಕ್ತದ ಸಕ್ಕರೆಯ ಲೆಕ್ಕ

ಪ್ರಾತಃಕಾಲದಲ್ಲಿ ಸೀವುಡ್ಸಿನ ಪಾಮ್ ಬೀಚ್ ರಸ್ತೆಯ ಬದಿಯಲ್ಲಿ ನಿಂತು ನೋಡಿದರೆ, ಬಿರುಸಾಗಿ ಹೆಜ್ಜೆಹಾಕುತ್ತ ಸಾಗುವ ಹಿರಿಯರನೇಕರು ಕಣ್ಣಿಗೆ ಬೀಳುತ್ತಾರೆ. ಅವರಲ್ಲಿ ಕೆಲವರು ಖಾಡಿಯ ಕಡೆಯಿಂದ ಬೀಸುವ ಗಾಳಿಯ ಸುಖಕ್ಕಾಗಿ ಬಂದವರು. ಮತ್ತೆ ಕೆಲವರು ವೈದ್ಯರ ಅಪ್ಪಣೆಯಂತೆ ಬಂದವರು. ಈ ಎರಡನೆಯ ಗುಂಪಿನಲ್ಲಿ ನಮ್ಮ ನಿಮ್ಮ ಮನೆಗಳ ಅಜ್ಜ ಅಜ್ಜಿಯರಿರುತ್ತಾರೆ, ತಂದೆತಾಯಿಯರೂ ಇರುತ್ತಾರೆ. ಇವರು ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಪುಟ್ಟ ಪಟ್ಟಿಯೊಂದಕ್ಕೆ ಸೋಂಕಿಸಿ, ಅಂಗೈಯಲ್ಲಿ ಹಿಡಿಸುವ ಯಂತ್ರದಲ್ಲಿ ಮೂಡುವ ಅಂಕಿಯನ್ನು ನೋಡುವುದನ್ನು ನೀವು ಕಂಡಿರಬಹುದು. ಆ ಅಂಕಿ ಏನನ್ನು ತಿಳಿಸುತ್ತದೆ, ಅದನ್ನು ಮತ್ತೆ ಮತ್ತೆ ನೋಡುವುದೇಕೆ, ನೋಡಿದ ಮೇಲೆ ಮಾಡಬೇಕಾದುದೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸಕ್ಕರೆ ಕಾಯಿಲೆ ಅಥವಾ ಮಧುಮೇಹವು ಎಲ್ಲಿಯೋ ದೂರದಲ್ಲಿರುವ ರೋಗವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯ ಫಲವು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವಿದೆ. ಹಳ್ಳಿಗಳಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 9 ಮಂದಿಗೆ ಇದ್ದರೆ, ನಗರಗಳಲ್ಲಿ 16 ಮಂದಿಗೆ ಇದೆ. ನಗರವಾಸಿಗಳಾದ ನಾವು ಇದನ್ನು ಅರಿತಿರಬೇಕಾದುದು ಎಷ್ಟು ಅಗತ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೊದಲು ದೇಹದ ವ್ಯವಸ್ಥೆಯನ್ನು ನೋಡೋಣ. ಅನ್ನ, ರೊಟ್ಟಿ, ಮುದ್ದೆ, ದೋಸೆ ಇವುಗಳಲ್ಲಿರುವ ಪಿಷ್ಟವು ಜೀರ್ಣವಾದಾಗ ಗ್ಲೂಕೋಸ್ ಎಂಬ ಸಕ್ಕರೆಯಾಗಿ ಮಾರ್ಪಟ್ಟು, ಕರುಳಿನಿಂದ ರಕ್ತವನ್ನು ಸೇರುತ್ತದೆ. ದೇಹದ ಜೀವಕೋಶಗಳಿಗೆ ಇದೇ ಮುಖ್ಯವಾದ ಉರವಲು. ಆದರೆ ಸ್ನಾಯುವೇ ಮೊದಲಾದ ಅಂಗಗಳ ಕೋಶಗಳು ಅದನ್ನು ಧಾರಾಳವಾಗಿ ಒಳಗೆ ಬಿಟ್ಟುಕೊಳ್ಳಬೇಕಾದರೆ ಇನ್ಸುಲಿನ್ ಎಂಬ ರಸದ ಅಪ್ಪಣೆ ಬೇಕು. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಈ ರಸವನ್ನು ತಯಾರಿಸುತ್ತದೆ. ಊಟವಾದೊಡನೆ ಇನ್ಸುಲಿನ್ ಹೆಚ್ಚುತ್ತದೆ. ಸಕ್ಕರೆಯಲ್ಲಿ ಒಂದು ಪಾಲು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾಗುತ್ತದೆ. ಉಪವಾಸದ ಹೊತ್ತಿನಲ್ಲಿ ಯಕೃತ್ತು ತನ್ನ ಉಗ್ರಾಣವನ್ನು ತೆರೆದು ರಕ್ತಕ್ಕೆ ಸಕ್ಕರೆಯನ್ನು ಒದಗಿಸುತ್ತದೆ.

ಈ ವ್ಯವಸ್ಥೆ ಎರಡು ಬಗೆಯಲ್ಲಿ ಕೆಡಬಹುದು. ಮೊದಲನೆಯ ಬಗೆಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗುತ್ತವೆ. ಇದು ಮಕ್ಕಳಲ್ಲಿಯೂ ತರುಣರಲ್ಲಿಯೂ ಹೆಚ್ಚಾಗಿ ಕಾಣಿಸಿಕೊಳ್ಳುವಂಥದು. ಸಿಹಿ ತಿಂಡಿ ತಿಂದುದರಿಂದ ಬರುವಂಥದಲ್ಲ. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇದ್ದರೂ ಕೋಶಗಳು ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಕಾಲಕ್ರಮದಲ್ಲಿ ಅದರ ಪ್ರಮಾಣವೂ ಸಾಲದಾಗುತ್ತದೆ. ನಮ್ಮ ಹಿರಿಯರಲ್ಲಿ ಸಾಮಾನ್ಯವಾಗಿ ಕಾಣುವುದು ಈ ಎರಡನೆಯ ಬಗೆ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ವಯಸ್ಕನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿದೆಯೆನ್ನೋಣ. ಒಂದು ಡೆಸಿಲೀಟರು ಎಂದರೆ ಲೀಟರಿನ ಹತ್ತನೆಯ ಒಂದು ಪಾಲು. ಆದುದರಿಂದ 5 ಲೀಟರಿಗೆ 50 ಡೆಸಿಲೀಟರುಗಳು. ಆರೋಗ್ಯವಂತರಲ್ಲಿ ಬೆಳಗಿನ ಬರಿಹೊಟ್ಟೆಯ ಸಕ್ಕರೆಯು ಡೆಸಿಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಿಮೆ. ನೂರೆಂದೇ ಹಿಡಿದು ಗುಣಿಸಿದರೆ 5,000 ಮಿಲಿಗ್ರಾಂ, ಅಂದರೆ 5 ಗ್ರಾಂ. ಹೆಚ್ಚು ಕಡಿಮೆ ಒಂದು ಚಹಾ ಚಮಚದಷ್ಟು. ಬರಿಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಮೇಲೆ ಇದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡುಬಂದರೆ ವೈದ್ಯರು ಅದನ್ನು ಮಧುಮೇಹವೆನ್ನುತ್ತಾರೆ. ಅದನ್ನೂ ಗುಣಿಸಿ ನೋಡಿ: 6.3 ಗ್ರಾಂ. ಹೀಗೆ ಆರೋಗ್ಯಕ್ಕೂ ರೋಗಕ್ಕೂ ನಡುವಣ ಅಂತರ ಇಡೀ ದೇಹದ ರಕ್ತದಲ್ಲಿ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಸಕ್ಕರೆ ಮಾತ್ರ!

ಇಷ್ಟು ಸೂಕ್ಷ್ಮವಾದ ವ್ಯತ್ಯಾಸವು ನಮ್ಮ ಅನುಭವಕ್ಕೆ ಬಾರದಿರುವುದು ಸಹಜವೇ. ಇಲ್ಲಿಯೇ ಅಪಾಯವಿರುವುದು. "ಅಜ್ಜಾ, ಮಾತ್ರೆ ಮುಗಿದು ವಾರವಾಯಿತಲ್ಲ, ತರಿಸಬೇಡವೇ?" ಎಂದು ಮೊಮ್ಮಗಳು ಕೇಳಿದರೆ, "ನನಗೇನಾಗಿದೆ ಮಗಾ? ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಸುಮ್ಮನೆ ಏಕೆ ಮಾತ್ರೆ ನುಂಗಲಿ?" ಎಂಬ ಉತ್ತರ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಅಜ್ಜ ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಏನೂ ಅನಿಸುತ್ತಿಲ್ಲ. ಆದರೆ ಏರಿದ ಸಕ್ಕರೆ ಸದ್ದಿಲ್ಲದೆ ಕಣ್ಣಿನ ಒಳಪರದೆಯ ಸೂಕ್ಷ್ಮ ರಕ್ತನಾಳಗಳನ್ನು, ಮೂತ್ರಪಿಂಡಗಳನ್ನು, ನರಗಳನ್ನು ವರ್ಷಗಟ್ಟಲೆ ಸವೆಸುತ್ತಿರುತ್ತದೆ. ಹೃದಯಕ್ಕೂ ಕೇಡು ಮಾಡುತ್ತದೆ. ಪಾದದ ನರಗಳು ಜಡವಾದಾಗ ಚುಚ್ಚಿದ ಮುಳ್ಳಿನ ಅರಿವೂ ಆಗದು. ದೃಷ್ಟಿ ಮಸುಕಾದ ಮೇಲೆ, ಗಾಯ ಕೊಳೆತ ಮೇಲೆ ಎಚ್ಚೆತ್ತರೆ ಕಳೆದುದೆಲ್ಲವೂ ಮರಳಿ ಬಾರದು. ಈ ರೋಗದಲ್ಲಿ ಅನಿಸಿಕೆಯು ನಂಬತಕ್ಕ ಸಾಕ್ಷಿಯಲ್ಲ, ಅಳತೆಯೇ ಸಾಕ್ಷಿ.

ಅಳೆಯುವ ವಿಧಾನವೂ ಒಂದೇ ದಿನದಲ್ಲಿ ಕೈಗೂಡಿದುದಲ್ಲ. ರೋಗಿಯ ಮೂತ್ರವು ಸಿಹಿಯಾಗಿರುವುದೆಂಬುದನ್ನು ನಮ್ಮ ಪ್ರಾಚೀನ ಆಯುರ್ವೇದ ವೈದ್ಯರು ಬಲ್ಲವರಾಗಿದ್ದರು. ಮಧುಮೇಹವೆಂಬ ಹೆಸರೇ ಅದಕ್ಕೆ ನಿದರ್ಶನ. ಇಪ್ಪತ್ತನೆಯ ಶತಮಾನದಲ್ಲಿ ಮೂತ್ರವನ್ನು ಬೆನೆಡಿಕ್ಟ್ ದ್ರಾವಣದೊಡನೆ ಕಾಯಿಸಿ ನೋಡುವ ಪದ್ಧತಿ ಬಹುಕಾಲ ರೂಢಿಯಲ್ಲಿತ್ತು. ಸಕ್ಕರೆ ಹೆಚ್ಚಿದಂತೆಲ್ಲ ನೀಲಿಯ ದ್ರಾವಣವು ಹಸುರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಗೆಂಪು ಬಣ್ಣಕ್ಕೆ ತಿರುಗುತ್ತಿತ್ತು. ಆದರೆ ಇದರಲ್ಲೊಂದು ಕೊರತೆಯಿತ್ತು. ರಕ್ತದ ಸಕ್ಕರೆ ಸುಮಾರು 180 ದಾಟುವ ತನಕ ಮೂತ್ರಪಿಂಡಗಳು ಅದನ್ನು ಹೊರಬಿಡುವುದಿಲ್ಲ. ನಮ್ಮ ಕಟ್ಟಡಗಳ ಮೇಲಿನ ನೀರಿನ ಟಾಕಿಯನ್ನು ನೆನೆಯಿರಿ. ಟಾಕಿ ತುಂಬಿ ಕೊಳವೆಯಿಂದ ನೀರು ಸುರಿದಾಗ ಕೆಳಗಿರುವವರಿಗೆ ತಿಳಿಯುತ್ತದೆ. ಅದು ಅರ್ಧವಿದೆಯೋ ಬರಿದಾಗುತ್ತಿದೆಯೋ ಎಂಬುದು ಸುರಿಯುವ ಕೊಳವೆಯಿಂದ ತಿಳಿಯದು. ಮೂತ್ರಪರೀಕ್ಷೆಯೂ ಅಂತೆಯೇ. ಒಳಗಿನ ಮಟ್ಟವನ್ನು ಅರಿಯಬೇಕಾದರೆ ರಕ್ತವನ್ನೇ ನೋಡಬೇಕು.

ಇದರ ಬೆಲೆಯನ್ನು ಇನ್ಸುಲಿನ್ನಿನ ಕಥೆಯೇ ತೋರಿಸುತ್ತದೆ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬವರು 1921ರಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಈ ರಸವನ್ನು ತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಅದನ್ನು ಚುಚ್ಚಲಾಯಿತು. ಆತ ನಿಮ್ಮ ವಯಸ್ಸಿನವನು. ರೋಗದಿಂದ ಎಲುಬಿನ ಹಂದರವಾಗಿದ್ದವನು. ರಕ್ತದ ಸಕ್ಕರೆ 440ರಿಂದ 320ಕ್ಕೆ ಇಳಿಯಿತು. ಇಷ್ಟು ಸಾಲದೆಂಬುದನ್ನು ಅಂಕಿಯೇ ಹೇಳಿತು. ಜೇಮ್ಸ್ ಕಾಲಿಪ್ ಎಂಬ ರಸಾಯನಜ್ಞರು ರಸವನ್ನು ಇನ್ನಷ್ಟು ಶುದ್ಧಗೊಳಿಸಿದರು. ಜನವರಿ 23ರಂದು ಮತ್ತೆ ಚುಚ್ಚಿದಾಗ ಸಕ್ಕರೆಯು ಒಂದೇ ದಿನದಲ್ಲಿ 520ರಿಂದ 120ಕ್ಕೆ ಬಂದಿತು. ಹುಡುಗ ಚೇತರಿಸಿಕೊಂಡು ಮುಂದೆ ಹದಿಮೂರು ವರ್ಷ ಬಾಳಿದನು. ಅಳೆಯದೆ ಇದ್ದಿದ್ದರೆ ಮೊದಲನೆಯ ಮದ್ದು ಎಷ್ಟು ದುರ್ಬಲವೆಂಬುದೂ, ಎರಡನೆಯದು ಎಷ್ಟು ಸಫಲವೆಂಬುದೂ ಖಚಿತವಾಗುತ್ತಿರಲಿಲ್ಲ.

ಅಂದು ಪ್ರಯೋಗಶಾಲೆಯಲ್ಲಿ ಮಾತ್ರ ಸಾಧ್ಯವಿದ್ದ ಈ ಕೆಲಸವನ್ನು ಇಂದು ಗ್ಲೂಕೋಮೀಟರು ಮನೆಯಲ್ಲಿಯೇ ಕೆಲವು ಸೆಕೆಂಡುಗಳಲ್ಲಿ ಮಾಡುತ್ತದೆ. ಅದರ ಪಟ್ಟಿಯಲ್ಲಿ ಒಂದು ಕಿಣ್ವವನ್ನು ಲೇಪಿಸಿರುತ್ತಾರೆ. ಕಿಣ್ವವು ಹನಿಯಲ್ಲಿರುವ ಗ್ಲೂಕೋಸಿನೊಡನೆ ವರ್ತಿಸಿದಾಗ ಅತಿ ಸಣ್ಣ ವಿದ್ಯುತ್ಪ್ರವಾಹ ಹುಟ್ಟುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಪ್ರವಾಹ ಹೆಚ್ಚು. ಯಂತ್ರವು ಆ ಪ್ರವಾಹವನ್ನು ಅಂಕಿಗೆ ತಿರುಗಿಸಿ ತೋರಿಸುತ್ತದೆ. ತೋಳಿನ ಚರ್ಮಕ್ಕೆ ಅಂಟಿಸಿಕೊಂಡು ಹಗಲಿರುಳೂ ಅಳೆಯುವ ಉಪಕರಣಗಳೂ ಈಗ ಬಂದಿವೆ. ಅವು ಅಳೆಯುವುದು ಕೋಶಗಳ ನಡುವಣ ದ್ರವದಲ್ಲಿರುವ ಸಕ್ಕರೆಯನ್ನಾದುದರಿಂದ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತವೆ.

ಯಂತ್ರವಿದ್ದ ಮಾತ್ರಕ್ಕೆ ಅಳತೆ ಸರಿಯಾಗುವುದಿಲ್ಲ. ಮಾವಿನ ಹಣ್ಣು ತಿಂದ ಕೈಯನ್ನು ತೊಳೆಯದೆ ಚುಚ್ಚಿಕೊಂಡರೆ ಬೆರಳಿನ ಸಿಹಿಯೂ ಹನಿಯಲ್ಲಿ ಬೆರೆತು ಅಂಕಿ ಸುಳ್ಳಾಗಿ ಏರುತ್ತದೆ. ಆದುದರಿಂದ ಕೈತೊಳೆದು, ಚೆನ್ನಾಗಿ ಒರೆಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಬೇಕು. ಅಲ್ಲಿ ನೋವು ಕಡಿಮೆ. ಒಬ್ಬರ ಸೂಜಿಯನ್ನು ಮತ್ತೊಬ್ಬರು ಎಂದಿಗೂ ಬಳಸಬಾರದು. ಪಟ್ಟಿಗಳು ತೇವಕ್ಕೆ ಕೆಡುವುದರಿಂದ, ಖಾಡಿಯ ಅಂಚಿನ ನಮ್ಮ ಸೀವುಡ್ಸಿನಂತಹ ಊರಿನಲ್ಲಿ, ಅದರಲ್ಲಿಯೂ ಮಳೆಗಾಲದಲ್ಲಿ, ಡಬ್ಬಿಯ ಮುಚ್ಚಳವನ್ನು ಒಡನೆಯೇ ಬಿಗಿಯಬೇಕು. ಒಳ್ಳೆಯ ಯಂತ್ರಗಳಲ್ಲಿಯೂ ನೂರಕ್ಕೆ 15ರಷ್ಟು ಹೆಚ್ಚುಕಡಿಮೆಗೆ ಅವಕಾಶವುಂಟು. ನಿನ್ನೆಯ 140 ಇಂದು 148 ಆಯಿತೆಂದು ಗಾಬರಿಪಡಬೇಕಾದುದಿಲ್ಲ. ಅಂಕಿಯ ಜೊತೆಗೆ ಹೊತ್ತನ್ನೂ ತಿಂದುದನ್ನೂ ಬರೆದಿಡಬೇಕು. ಬರಿಹೊಟ್ಟೆಯದು, ಊಟವಾಗಿ ಎರಡು ಗಂಟೆಯ ಮೇಲಿನದು ಎಂಬ ವಿವರವಿಲ್ಲದಿದ್ದರೆ ಅಂಕಿಗೆ ಅರ್ಥವೇ ಇಲ್ಲ. ಬಹುಪಾಲು ವಯಸ್ಕ ರೋಗಿಗಳಿಗೆ ಊಟಕ್ಕೆ ಮುಂಚೆ 80ರಿಂದ 130, ಊಟದ ನಂತರ 180ರ ಒಳಗೆ ಎಂಬುದು ಸಾಮಾನ್ಯ ಗುರಿ. ಅವರವರ ಗುರಿಯನ್ನು ಅವರವರ ವೈದ್ಯರೇ ನಿಶ್ಚಯಿಸಬೇಕು.

ಇದರ ಜೊತೆಗೆ ಎಚ್‌ಬಿಎ1ಸಿ ಎಂಬ ಇನ್ನೊಂದು ಪರೀಕ್ಷೆಯಿದೆ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಅಷ್ಟು ಕಾಲವೂ ರಕ್ತದ ಸಕ್ಕರೆ ಅವುಗಳ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತಿರುತ್ತದೆ. ಎಷ್ಟು ಅಂಟಿದೆಯೆಂದು ನೋಡಿ ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಊಹಿಸಬಹುದು. ವೈದ್ಯರಲ್ಲಿಗೆ ಹೋಗುವ ಹಿಂದಿನ ದಿನ ಮಾತ್ರ ಪಥ್ಯಮಾಡಿದವರ ಗುಟ್ಟು ಇಲ್ಲಿ ಬಯಲಾಗುತ್ತದೆ! ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರ ವರೆಗೆ ಮೊದಲನೆಯ ಬಗೆಯ 1,441 ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ದಿನಕ್ಕೆ ನಾಲ್ಕು ಬಾರಿಯಾದರೂ ರಕ್ತವನ್ನು ಅಳೆದು, ಅದಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸಿಕೊಂಡವರಲ್ಲಿ ಕಣ್ಣಿನ ರೋಗದ ಸಂಭವವು ಉಳಿದವರಿಗಿಂತ ನೂರಕ್ಕೆ 76ರಷ್ಟು ಕಡಿಮೆಯಾಯಿತು. ಆ ಸೂಜಿಮೊನೆಯ ನೋವು ಎಷ್ಟೋ ಜನರ ಕಣ್ಣನ್ನು ಕಾಯಿತು.

ಅಳೆದ ಮೇಲೆ ಅಂಕೆಯಲ್ಲಿಡುವುದು ಹೇಗೆ? ಅದಕ್ಕೆ ಆಹಾರ, ವ್ಯಾಯಾಮ, ಔಷಧ ಎಂಬ ಮೂರು ಸಾಧನಗಳಿವೆ. ಅನ್ನ ಬಿಟ್ಟು ರಾಗಿಮುದ್ದೆ ಉಂಡರೆ ಸಾಕು, ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ರಾಗಿಯಲ್ಲಿ ನಾರೂ ಸುಣ್ಣಾಂಶವೂ ಹೆಚ್ಚಾಗಿರುವುದು ನಿಜ. ಆದರೆ ರಾಗಿಯೂ ಪಿಷ್ಟವೇ. ಎರಡು ದೊಡ್ಡ ಮುದ್ದೆ ಉಂಡು ಎರಡು ಗಂಟೆಯ ಮೇಲೆ ಅಳೆದು ನೋಡಿದರೆ ಯಂತ್ರವೇ ಸತ್ಯವನ್ನು ಹೇಳುತ್ತದೆ. ಧಾನ್ಯ ಯಾವುದೆಂಬುದರಷ್ಟೇ ಪ್ರಮಾಣವೂ ಮುಖ್ಯ. ತಟ್ಟೆಯಲ್ಲಿ ಪಲ್ಯ, ಬೇಳೆ, ಸೊಪ್ಪುಗಳ ಪಾಲು ಹೆಚ್ಚಬೇಕು. ಇನ್ನು ನಡಿಗೆ. ದುಡಿಯುವ ಸ್ನಾಯು ಇನ್ಸುಲಿನ್ನಿಗಾಗಿ ಹೆಚ್ಚು ಕಾಯದೆ ರಕ್ತದಿಂದ ಸಕ್ಕರೆಯನ್ನು ಸೆಳೆದುಕೊಳ್ಳುತ್ತದೆ. ಪಾಮ್ ಬೀಚ್ ರಸ್ತೆಯ ನಡಿಗೆಯ ಮರ್ಮವಿದೇ. ಔಷಧವನ್ನಾದರೋ ವೈದ್ಯರನ್ನು ಕೇಳದೆ ಹೆಚ್ಚಿಸಲೂ ಬಾರದು, ಬಿಡಲೂ ಬಾರದು. ಮೊದಲನೆಯ ಬಗೆಯ ರೋಗಿ ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಸಕ್ಕರೆ ಏರುವುದಷ್ಟೇ ಅಪಾಯವಲ್ಲ, ಇಳಿಯುವುದೂ ಅಪಾಯವೇ. ಮದ್ದು ತೆಗೆದುಕೊಂಡು ಊಟ ತಪ್ಪಿಸಿದರೆ ಅದು 70ಕ್ಕಿಂತ ಕೆಳಗಿಳಿಯಬಹುದು. ಆಗ ಬೆವರು, ನಡುಕ, ಹಸಿವು, ಎದೆಬಡಿತ ತೋರಿ, ಮಾತು ತಡವರಿಸಿ, ಬುದ್ಧಿ ಮಂಕಾಗುತ್ತದೆ. ಲೋಕಲ್ ಗಾಡಿಯ ಸಂದಣಿಯಲ್ಲಿ ಹೀಗೆ ತೂರಾಡುವವರನ್ನು ಕುಡುಕರೆಂದು ತಿಳಿದು ಜನ ದೂರ ಸರಿಯುವುದುಂಟು. ತರಗತಿಯ ಗೆಳೆಯನಿಗೆ ಹೀಗಾದರೆ ಅವನು ಪಾಠದಲ್ಲಿ ಮನಸ್ಸಿಡುತ್ತಿಲ್ಲವೆಂದು ತೋರಬಹುದು. ಎಚ್ಚರವಿದ್ದು ನುಂಗಬಲ್ಲವರಿಗೆ ತಡಮಾಡದೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷ ಕಳೆದು ಮತ್ತೆ ಅಳೆಯಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಎಚ್ಚರತಪ್ಪಿದವರ ಬಾಯಿಗೆ ಏನನ್ನೂ ಹಾಕಲಾಗದು. ಒಡನೆಯೇ ಹಿರಿಯರನ್ನು ಕೂಗಿ 108ಕ್ಕೆ ಕರೆಮಾಡಿಸಬೇಕು. ಇಷ್ಟು ತಿಳಿದಿರುವ ಒಬ್ಬ ವಿದ್ಯಾರ್ಥಿ ಒಂದು ಜೀವವನ್ನು ಉಳಿಸಬಲ್ಲನು.

ಕೊನೆಯದಾಗಿ ಒಂದು ಮಾತು. ಯಂತ್ರದ ಅಂಕಿಯನ್ನು ಪರೀಕ್ಷೆಯ ಅಂಕದಂತೆ ಎಣಿಸಬಾರದು. ಅಂಕಿ ಏರಿದಾಗ ಮನೆಯವರು ಗದರಿದರೆ, ಅಜ್ಜ ಅಳೆಯುವುದನ್ನೇ ಬಿಡುತ್ತಾರೆ; ಇಲ್ಲವೇ ಪುಸ್ತಕದಲ್ಲಿ ಸುಳ್ಳು ಬರೆಯುತ್ತಾರೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಅಂಕಿ ತೀರ್ಪಲ್ಲ, ದಾರಿಯ ಗುರುತು. ನವೆಂಬರ್ 14 ನಮ್ಮ ದೇಶದಲ್ಲಿ ಮಕ್ಕಳ ದಿನ. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗರು 1891ರಲ್ಲಿ ಹುಟ್ಟಿದುದೂ ಅದೇ ದಿನ. ಆದುದರಿಂದ ಅದೇ ಲೋಕದ ಮಧುಮೇಹ ದಿನವೂ ಆಗಿದೆ. ಆ ದಿನ ನೀವು ಅಜ್ಜನ ಪಕ್ಕದಲ್ಲಿ ಕುಳಿತು, "ಅಜ್ಜಾ, ಇವತ್ತು ಎಷ್ಟು ಬಂತು? ನಾನು ಬರೆದಿಡುತ್ತೇನೆ" ಎಂದು ಕೇಳಿರಿ. ಮರುದಿನವೂ ಕೇಳಿರಿ.